ಒಂಬತ್ತನೇ ಕ್ಲಾಸಿನ ಚೀಟಿಗಳು

ಆಗಸ್ಟ್ ತಿಂಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ ಹೈಸ್ಕೂಲುಗಳ ಕಡೆ ಬಂದರೆ ಮಕ್ಕಳ ಕೈ ನೋಡಿ. ಬೆರಳ ಸಂದಿಯಲ್ಲಿ, ಉಗುರಿನ ಸುತ್ತ, ಅಂಗೈ ಗೆರೆಗಳಲ್ಲಿ ಕಪ್ಪು ಅಂಟು ಕೂತಿರುತ್ತದೆ. ಹೊಗೆಸೊಪ್ಪಿನ ಅಂಟು ಅದು. ಎಷ್ಟು ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಸ್ಕೂಲಿಗೆ ಬರುವ ಮೊದಲು ಹೊಲದಲ್ಲಿ ಸೊಪ್ಪು ಮುರಿದು, ಇಲ್ಲಾ ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟಿ ಬಂದಿರುತ್ತಾರೆ. ನಾನು ಇಲ್ಲಿಗೆ ಕನ್ನಡ ಟೀಚರಾಗಿ ಬಂದ ಮೊದಲ ವರ್ಷ ಆ ಕೈಗಳನ್ನು ನೋಡಿ, ತೊಳೆದುಕೊಂಡು ಬನ್ನಿ ಅಂತ ಇಡೀ ಕ್ಲಾಸನ್ನು ನಲ್ಲಿ ಹತ್ತಿರ ಕಳಿಸಿದ್ದೆ. ಮಕ್ಕಳು ಒಂದು ಮಾತೂ ಆಡಲಿಲ್ಲ. ಹೋದರು, ತೊಳೆದರು, ಅದೇ ಕಪ್ಪು ಕೈಗಳಲ್ಲಿ ವಾಪಸ್ ಬಂದು ಕೂತರು.

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಸ್ಕೂಲಿನಲ್ಲಿ ತಂಬಾಕು ವಿರೋಧಿ ಕಾರ್ಯಕ್ರಮ ನಡೆಯಿತು. ಬಂದವರು ಕಾಳಜಿಯಿಂದಲೇ ಮಾತಾಡಿದರು. ಕೊಳೆತ ಬಾಯಿ, ಕಪ್ಪಾದ ಶ್ವಾಸಕೋಶದ ಚಿತ್ರಗಳನ್ನು ತೋರಿಸಿದರು. ಕೊನೆಗೆ ಎಲ್ಲರನ್ನೂ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ತಂಬಾಕನ್ನು ಯಾವತ್ತೂ ಮುಟ್ಟುವುದಿಲ್ಲ ಅಂತ ಪ್ರತಿಜ್ಞೆ ಮಾಡಿಸಿದರು. ಮಕ್ಕಳೆಲ್ಲ ಜೋರಾಗಿ ಹೇಳಿದರು. ನಾನು ಗೋಡೆ ಪಕ್ಕ ನಿಂತು ಚಾಚಿದ ಆ ಕೈಗಳನ್ನೇ ನೋಡುತ್ತಿದ್ದೆ. ಒಂದೊಂದರ ಮೇಲೂ ಬೆಳಗಿನ ಅಂಟು ಇತ್ತು. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು ಮಾತು. ಭಾಷಣದ ನಡುವೆ ಒಬ್ಬರು, "ಬೀಡಿ ಸಿಗರೇಟು ಸೇದೋರಿಗೆ ಹೆಂಡತಿ ಮಕ್ಕಳ ಮೇಲೆ ಪ್ರೀತಿ ಇರಲ್ಲ" ಅಂದರು. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ತಲೆ ತಗ್ಗಿಸಿದ. ಆಮೇಲೆ ಕಾರ್ಯಕ್ರಮ ಮುಗಿಯುವ ತನಕ ಅವನು ತಲೆ ಎತ್ತಲೇ ಇಲ್ಲ.

ಮಾರನೇ ದಿನ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡಲಿಲ್ಲ. ಒಂದೊಂದು ಚೀಟಿ ಕೊಟ್ಟೆ. "ನಿಮಗೆ ಗೊತ್ತಿರೋ, ಸೇದೋ ಅಭ್ಯಾಸ ಇರೋ ಯಾರಾದ್ರೂ ಒಬ್ಬರನ್ನ ನೆನೆಸಿಕೊಳ್ಳಿ. ಅವರನ್ನ ನೋಡಿದ್ರೆ ನಿಮಗೆ ಏನನ್ಸುತ್ತೆ ಅಂತ ಬರೀರಿ. ನಿಮ್ಮ ಹೆಸರೂ ಬೇಡ, ಅವರ ಹೆಸರೂ ಬೇಡ. ಕಾಗುಣಿತ ತಪ್ಪಾದ್ರೂ ಪರವಾಗಿಲ್ಲ" ಅಂದೆ. ನಲವತ್ತೊಂದು ಚೀಟಿ ಬಂದವು. ಅವತ್ತು ರಾತ್ರಿ ಅಡಿಗೆಮನೆಯಲ್ಲಿ ಕೂತು ಓದಿದೆ. ಎರಡೆರಡು ಸಲ ಓದಿದೆ.

ಹನ್ನೆರಡು ಹದಿಮೂರು ಮಕ್ಕಳು "ಧೂಮಪಾನ ಆರೋಗ್ಯಕ್ಕೆ ಹಾನಿಕರ" ಅಂತ ಬರೆದು ಮುಗಿಸಿದ್ದರು. ಸಿನಿಮಾದಲ್ಲಿ ಯಾರಾದರೂ ಸಿಗರೇಟು ಹಚ್ಚಿದಾಗ ಪರದೆಯ ಕೆಳಗೆ ಬರುವ ಸಾಲು ಅದು. ಮಕ್ಕಳು ಅದನ್ನು ನೋಡಿ ನೋಡಿ ಅಭ್ಯಾಸವಾಗಿ, ಈಗ ಅವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಥಿಯೇಟರಿನಲ್ಲಿ ಬರುತ್ತಿದ್ದ ಮುಕೇಶ್ ಅನ್ನುವ ಹುಡುಗನ ಜಾಹೀರಾತನ್ನು ನಮ್ಮ ಹುಡುಗರು ಅದೇ ದನಿಯಲ್ಲಿ ಹೇಳಿ ನಗುತ್ತಾರೆ. ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆಗಿ ಅವನು 2009ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 24 ವರ್ಷ. ಈ ಮಕ್ಕಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪದೇ ಪದೇ ಹೆದರಿಸಿದರೆ ಆ ವಯಸ್ಸಿನ ಮನಸ್ಸು ನಕ್ಕು ತಪ್ಪಿಸಿಕೊಳ್ಳುತ್ತದೆ.

ಉಳಿದ ಚೀಟಿಗಳಲ್ಲಿ ಬೇರೆಯೇ ಲೋಕ ಇತ್ತು.

"ನಮ್ಮಪ್ಪ ಬೀಡಿ ಸೇದ್ತಾರೆ. ಹತ್ರ ಬಂದ್ರೆ ವಾಕರಿಕೆ ಬರುತ್ತೆ. ನಮ್ಮ ಸೋದರಮಾವ ಸಿಗರೇಟ್ ಸೇದ್ತಾರೆ. ಅವರು ಸೇದೋದು ನೋಡಕ್ಕೆ ಚೆನ್ನಾಗಿರುತ್ತೆ."

ಇಂಥವು ಒಂದಲ್ಲ, ಏಳೆಂಟು ಚೀಟಿ ಇದ್ದವು. ಬೀಡಿ ಅಂದರೆ ಮುದುಕರು, ಕೂಲಿ, ಕೆಮ್ಮು. ಸಿಗರೇಟು ಅಂದರೆ ಮೈಸೂರು, ಬೈಕು, ಇಸ್ತ್ರಿ ಮಾಡಿದ ಅಂಗಿ. ಮಕ್ಕಳು ನೋಡುತ್ತಿರುವುದು ಹೊಗೆಯನ್ನಲ್ಲ, ಹೊಗೆಯ ಹಿಂದೆ ನಿಂತಿರುವ ಮನುಷ್ಯನ ಬದುಕನ್ನು. ಅಪ್ಪನ ಹಾಗೆ ಆಗಬಾರದು, ಮಾವನ ಹಾಗೆ ಆಗಬೇಕು ಅನ್ನುವ ಆಸೆ ಬೀಡಿ ಸಿಗರೇಟಿನ ಮಾತಾಗಿ ಹೊರಗೆ ಬರುತ್ತದೆ. ಬೀಡಿಯಲ್ಲಿ ತಂಬಾಕು ಕಡಿಮೆ ಇದ್ದರೂ ಅದು ಆರಿಹೋಗದಂತೆ ಜಾಸ್ತಿ ಸಲ, ಜೋರಾಗಿ ಎಳೆಯಬೇಕು. ಹಾಗಾಗಿ ಒಳಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆಯೇನೂ ಇಲ್ಲ. ಈ ಲೆಕ್ಕ ಹದಿನಾಲ್ಕರ ಹುಡುಗನಿಗೆ ಯಾಕೆ ಬೇಕು? ಅವನಿಗೆ ಕಾಣುವುದು ಮಾವನ ಬೈಕು.

"ಸೇದೋ ಅಣ್ಣಂದಿರನ್ನ ನೋಡಿದ್ರೆ ಅವರಿಗೆ ಯಾರ ಭಯಾನೂ ಇಲ್ಲ ಅನ್ಸುತ್ತೆ" ಅಂತ ಒಬ್ಬ ಬರೆದಿದ್ದ. ಈ ಸಾಲಿನ ಮುಂದೆ ನಾನು ತುಂಬ ಹೊತ್ತು ಕೂತೆ. ಮನೆಯಲ್ಲಿ ಅಪ್ಪನ ಭಯ, ಸ್ಕೂಲಿನಲ್ಲಿ ನಮ್ಮ ಭಯ, ಎಸ್ಸೆಸ್ಸೆಲ್ಸಿಯ ಭಯ. ಇಷ್ಟೆಲ್ಲ ಭಯದ ನಡುವೆ ಇರುವ ಹುಡುಗನಿಗೆ, ಅರಳಿಕಟ್ಟೆ ಮೇಲೆ ಎಲ್ಲರೆದುರಿಗೆ ಹೊಗೆ ಬಿಡುವವನು ಬಿಡುಗಡೆ ಸಿಕ್ಕವನಂತೆ ಕಾಣುತ್ತಾನೆ. ಆ ಅಣ್ಣ ಒಂದು ದಿನವೂ ಅದಿಲ್ಲದೆ ಇರಲಾರ ಅನ್ನುವುದು ಅಷ್ಟು ದೂರದಿಂದ ಹೇಗೆ ಕಾಣಬೇಕು?

ಹುಡುಗಿಯರ ಚೀಟಿಗಳಲ್ಲಿ ಇನ್ನೊಂದು ವಿಷಯ ಕಂಡಿತು. "ಹೆಂಗಸರು ಸೇದಿದ್ರೆ ಅವರು ಒಳ್ಳೆಯವರಲ್ಲ" ಅಂತ ಹಲವರು ಬರೆದಿದ್ದರು. ಗಂಡಸು ಸೇದಿದರೆ ಚಟ, ಹೆಂಗಸು ಸೇದಿದರೆ ನಡತೆ. ಇದೇ ಮಕ್ಕಳ ಮನೆಗಳಲ್ಲಿ ಅಜ್ಜಿಯಂದಿರು ಎಲೆಅಡಿಕೆ ಜೊತೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ದಿನವಿಡೀ ಅಗಿಯುತ್ತಾರೆ. ಅದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಅಜ್ಜಿಯ ಬಾಯಲ್ಲಿ ಇರುವುದೂ ತಂಬಾಕೇ ಅಂತ ಅವರಿಗೆ ಅನಿಸಿಯೇ ಇಲ್ಲ.

ಇನ್ನೊಂದು ಚೀಟಿ: "ಅಪ್ಪ ಸೇದೋದು ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಅಪ್ಪನ ಅಂಗಿ ಒಗೆಯೋದು ನಾನೇ."

ಅದರ ಕೆಳಗಿದ್ದದ್ದು: "ರಾತ್ರಿ ಅಪ್ಪ ಕೆಮ್ಮೋದನ್ನ ಎಣಿಸ್ತೀನಿ. ಜಾಸ್ತಿ ಆದ್ರೆ ನಂಗೆ ನಿದ್ದೆ ಬರಲ್ಲ. ಬೆಳಿಗ್ಗೆ ಅಪ್ಪನ ಮೇಲೆ ಸಿಟ್ಟು ಬರುತ್ತೆ."

ಈ ಮೂರು ಸಾಲು ಓದಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ. ಹದಿಹರೆಯದ ಮಕ್ಕಳಿಗೆ ಸೇದುವವರ ಮೇಲೆ ಸಿಟ್ಟು, ಅಸಹ್ಯ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ರಾತ್ರಿ ಭಯ, ಬೆಳಿಗ್ಗೆ ಸಿಟ್ಟು. ಎರಡೂ ಒಂದೇ. ಅಪ್ಪ ಸತ್ತುಹೋದರೆ ಅನ್ನುವ ಮಾತನ್ನು ಆ ವಯಸ್ಸಿನಲ್ಲಿ ಬಾಯಿಬಿಟ್ಟು ಆಡಲಾಗುವುದಿಲ್ಲ. ಸಿಟ್ಟಾದರೆ ಆಡಬಹುದು.

ನನಗೆ ಇದು ಗೊತ್ತು. ನಾನೂ ಹಾಗೇ ಇದ್ದೆ.

ನಮ್ಮೂರು ಕೆ.ಆರ್. ನಗರದ ಕಡೆ, ಭತ್ತದ ಸೀಮೆ. ಅಪ್ಪ ಗಾರೆ ಕೆಲಸದವರು. ಚಿಕ್ಕವಳಿದ್ದಾಗ ಅಪ್ಪನಿಗೆ ಬೀಡಿ ತಂದುಕೊಡುತ್ತಿದ್ದವಳು ನಾನೇ. ಉಳಿದ ಚಿಲ್ಲರೆಗೆ ಒಂದು ಪೆಪ್ಪರಮೆಂಟು. ಸಿಮೆಂಟು, ಬೆವರು, ಬೀಡಿ, ಮೂರೂ ಸೇರಿದರೆ ನನಗೆ ಅದು ಅಪ್ಪನ ವಾಸನೆ. ಎಂಟನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳ ಅಪ್ಪ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡರು. ಬೀಡಿ ಸೇದ್ತಿದ್ರಂತೆ, ಅದಕ್ಕೇ ಹಂಗಾಯ್ತು ಅಂತ ಊರೆಲ್ಲ ಮಾತಾಡಿತು. ಅವತ್ತಿನಿಂದ ನನಗೆ ಅಪ್ಪನ ವಾಸನೆ ಸಹಿಸಲಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಅಂಗಿ ಕಿಸೆಯಿಂದ ಬೀಡಿ ಕಟ್ಟನ್ನು ತೆಗೆದು ನೀರು ಕಾಯಿಸುವ ಹಂಡೆ ಒಲೆಗೆ ಹಾಕಿದೆ. ಅಪ್ಪ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. ನೋಡಿದರು. ಏನೂ ಅನ್ನಲಿಲ್ಲ. ಸೈಕಲ್ ತಗೊಂಡು ಹೊರಟುಹೋದರು. ಆಮೇಲೆ ಅವರು ಮನೆಯಲ್ಲಿ ಸೇದಲಿಲ್ಲ, ಹುಲ್ಲಿನ ಮೆದೆ ಹಿಂದೆ ಹೋಗಿ ಸೇದುತ್ತಿದ್ದರು. ನಾನು ಗೆದ್ದೆ ಅಂದುಕೊಂಡೆ. ಬಸ್ಸಿನಲ್ಲಿ ಅವರ ಪಕ್ಕ ಕೂರುವುದನ್ನು ಬಿಟ್ಟೆ. ಹತ್ತನೇ ಕ್ಲಾಸಿನಲ್ಲಿ ಪೋಷಕರ ಸಭೆಗೆ ಅವ್ವನನ್ನು ಕರೆದೆ, ಅಪ್ಪನಿಗೆ ಬರಬೇಡಿ ಅಂದೆ. ಅವರು ಅವ್ವನನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಬಂದು, ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಎರಡು ಗಂಟೆ ನಿಂತಿದ್ದರು.

ಅಪ್ಪ ಬೀಡಿ ಬಿಟ್ಟದ್ದು ಅರವತ್ತಾರನೇ ವಯಸ್ಸಿನಲ್ಲಿ. ಆ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಈಗಲೂ ಇನ್ಹೇಲರ್ ಜೊತೆಯಲ್ಲೇ ಇರಬೇಕು. ಹೇಗೆ ಬಿಟ್ಟಿರಿ ಅಂತ ಒಮ್ಮೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ನೀನು ಬ್ಯಾಡ ಅಂದೆ. ನಿಮ್ಮವ್ವ ಬ್ಯಾಡ ಅಂದ್ಲು. ಊರೋರೆಲ್ಲ ಬ್ಯಾಡ ಅಂದ್ರು. ಹೆಂಗೆ ಬಿಡೋದು ಅಂತ ಆ ಡಾಕ್ಟ್ರು ಹುಡುಗ ಕೂರಿಸಿಕೊಂಡು ಹೇಳೋಗಂಟ ಯಾರೂ ಹೇಳಿರಲಿಲ್ಲ ಕಣವ್ವ."

ಆ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿದೆ.

ನಾವು ಮಕ್ಕಳಿಗೆ ಕಲಿಸುತ್ತಿರುವುದು ಏನು? ಸೇದುವವರು ಕೆಟ್ಟವರು ಅಂತ. ಈ ಪಾಠ ಹದಿನಾಲ್ಕನೇ ವಯಸ್ಸಿನ ತನಕ ಚೆನ್ನಾಗಿ ನಡೆಯುತ್ತದೆ. 2019ರಲ್ಲಿ ದೇಶದಾದ್ಯಂತ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಸಮೀಕ್ಷೆ ನಡೆಯಿತು. ತಂಬಾಕು ಬಳಸುವ ಮಕ್ಕಳು ದೇಶದಲ್ಲಿ ಶೇ 8.5 ಇದ್ದರೆ ಕರ್ನಾಟಕದಲ್ಲಿ ಬರೀ ಶೇ 1.2. ಇಡೀ ದೇಶದಲ್ಲಿ ನಮಗಿಂತ ಕಡಿಮೆ ಇದ್ದದ್ದು ಹಿಮಾಚಲ ಪ್ರದೇಶದಲ್ಲಿ ಮಾತ್ರ. ಖುಷಿಯ ಸುದ್ದಿ ತಾನೇ? ಆದರೆ 2016-17ರಲ್ಲಿ ದೊಡ್ಡವರ ಸಮೀಕ್ಷೆ ನಡೆದಾಗ ಕರ್ನಾಟಕದಲ್ಲಿ ತಂಬಾಕು ಬಳಸುವವರು ಶೇ 22.8 ಇದ್ದರು. ಸೇದುವವರು, ಅಗಿಯುವವರು ಎಲ್ಲ ಸೇರಿ. ಒಂದು ಮಕ್ಕಳ ಲೆಕ್ಕ, ಇನ್ನೊಂದು ದೊಡ್ಡವರದ್ದು, ನೇರವಾಗಿ ಪಕ್ಕಪಕ್ಕ ಇಡಲಾಗುವುದಿಲ್ಲ ನಿಜ. ಆದರೂ ಸ್ಕೂಲಿನ ಗೇಟು ದಾಟಿದ ಮೇಲೆ ಏನೋ ಆಗುತ್ತದೆ. ಏನು ಅಂತ ನನಗೆ ಒಬ್ಬ ಹಳೆಯ ವಿದ್ಯಾರ್ಥಿ ತೋರಿಸಿಕೊಟ್ಟ.

ಹುಣಸೂರು ಬಸ್ ಸ್ಟ್ಯಾಂಡ್ ಹೊರಗೆ ಸಿಕ್ಕಿದ. ನಮ್ಮ ಸ್ಕೂಲಿನ ಕಬಡ್ಡಿ ಟೀಮಿನಲ್ಲಿದ್ದವನು. ಒಂಬತ್ತನೇ ಕ್ಲಾಸಿನಲ್ಲಿ ತಂಬಾಕು ವಿರೋಧಿ ಚಿತ್ರ ಬರೆದು ಬಹುಮಾನ ತಗೊಂಡಿದ್ದ. ಆ ಚಿತ್ರ ಎರಡು ವರ್ಷ ನಮ್ಮ ಸ್ಟಾಫ್ ರೂಮಿನ ಗೋಡೆ ಮೇಲಿತ್ತು. ನನ್ನನ್ನು ಕಂಡ ಕೂಡಲೇ ಬಲಗೈ ಬೆನ್ನ ಹಿಂದೆ ಹೋಯಿತು. "ಚೆನ್ನಾಗಿದ್ದೀರಾ ಮಿಸ್?" ಅಂದ. ಮಾತಾಡುತ್ತಾ ಇದ್ದೆವು. ಅವನ ಮೊಣಕೈ ಪಕ್ಕದಿಂದ ಹೊಗೆ ಸಣ್ಣಗೆ ಮೇಲೇಳುತ್ತಿತ್ತು. ಅದು ನನಗೆ ಕಾಣುತ್ತಿದೆ ಅಂತ ಅವನಿಗೂ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡ. ಬೆರಳು ಸುಡುತ್ತೆ, ಮೊದಲು ಬಿಸಾಕು ಮಗ ಅಂದೆ.

ಐಟಿಐ ಮುಗಿಸಿ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ರಾತ್ರಿ ಪಾಳಿ. ಊರು ಹೊಸದು, ಗೆಳೆಯರಿಲ್ಲ. "ಸೇದೋರು ಹೊರಗೆ ಹೋಗಿ ನಿಲ್ತಿದ್ರು ಮಿಸ್. ನಾನೂ ಹೋಗಿ ಸುಮ್ನೆ ನಿಲ್ತಿದ್ದೆ. ನನ್ನ ಜೊತೆ ಚೆನ್ನಾಗಿ ಮಾತಾಡಿದವರು ಅವರೇ. ರೂಮು ಹುಡುಕಿಕೊಟ್ಟವರು ಅವರೇ. ಜ್ವರ ಬಂದಾಗ ಇಡ್ಲಿ ತಂದುಕೊಟ್ಟವರೂ ಅವರೇ." ಸ್ವಲ್ಪ ಹೊತ್ತು ಬಿಟ್ಟು, "ಸೇದೋರು ಕೆಟ್ಟವರು ಅಂತ ಅಂದ್ಕೊಂಡಿದ್ದೆ ಮಿಸ್" ಅಂದ.

ನಮ್ಮ ಪಾಠ ಮುರಿದುಬಿದ್ದದ್ದು ಅಲ್ಲಿ. ಸೇದುವವರು ಕೆಟ್ಟವರು ಅಂತ ಹೇಳಿ ಕಳಿಸಿದೆವು. ಹೊರಗೆ ಹೋದ ಹುಡುಗನಿಗೆ ಮೊದಲು ಪ್ರೀತಿ ತೋರಿಸಿದ ಮನುಷ್ಯನೇ ಸೇದುತ್ತಿದ್ದ. ಆಗ ಹುಡುಗನಿಗೆ ಸುಳ್ಳು ಅನಿಸಿದ್ದು ಆ ಮನುಷ್ಯನಲ್ಲ, ನಾವು ಹೇಳಿದ ಮಾತು. ಅದರ ಜೊತೆಗೆ ಕ್ಯಾನ್ಸರಿನ ಮಾತೂ ಸುಳ್ಳು ಅನಿಸಿಬಿಟ್ಟಿತು. ನಿಜವಾದ ಮಾತನ್ನು ನಾವೇ ಒಂದು ಸುಳ್ಳಿನ ಜೊತೆ ಗಂಟು ಹಾಕಿ ಕೊಟ್ಟಿದ್ದೆವು. ಗಂಟು ಬಿಸಾಕಿದರೆ ಎರಡೂ ಹೋಗುತ್ತವೆ.

ಕಾನೂನು ಇಲ್ಲ ಅಂತಲ್ಲ. 2003ರ ಕೇಂದ್ರ ಕಾಯ್ದೆಯ ಪ್ರಕಾರ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ನಮ್ಮ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1000 ಆಯಿತು. ಇ-ಸಿಗರೇಟಂತೂ 2019ರಿಂದ ದೇಶದಲ್ಲೇ ನಿಷೇಧ. ಆದರೂ ನಮ್ಮ ಮಕ್ಕಳು ಅದನ್ನು ರೀಲ್ಸಿನಲ್ಲಿ ನೋಡಿದ್ದಾರೆ, "ಅದು ಹೊಗೆ ಅಲ್ಲ ಮಿಸ್, ಆವಿ" ಅಂತ ನನಗೇ ತಿದ್ದುತ್ತಾರೆ. ಈ ಕಾನೂನುಗಳೆಲ್ಲ ಬೇಕು, ಇನ್ನೂ ಗಟ್ಟಿಯಾಗಿ ಜಾರಿಯಾಗಬೇಕು. ಬಿಡಿ ಸಿಗರೇಟು ಮಾರುವಂತಿಲ್ಲ ಅನ್ನುವ ನಿಯಮವಂತೂ ಹುಡುಗರ ಮಟ್ಟಿಗೆ ಬಹಳ ಮುಖ್ಯ, ಅವರ ಕೈಯಲ್ಲಿ ಇರುವುದು ಒಂದು ಸಿಗರೇಟಿನ ದುಡ್ಡೇ ಹೊರತು ಒಂದು ಪ್ಯಾಕಿನದಲ್ಲ. ಆದರೆ ಸೇದುವ ಮನುಷ್ಯನನ್ನು ಮಗು ಯಾವ ಕಣ್ಣಿನಿಂದ ನೋಡಬೇಕು ಅನ್ನುವುದನ್ನು ಕಾನೂನು ಹೇಳಿಕೊಡುವುದಿಲ್ಲ. ಅದು ನಮ್ಮ ಕೆಲಸ.

ಚೀಟಿಗಳಲ್ಲಿ ಒಂದನ್ನು ಬೇಕೆಂತಲೇ ಇಲ್ಲಿಯ ತನಕ ಹೇಳಿರಲಿಲ್ಲ.

"ನಮ್ಮ ಮನೇಲಿ ಯಾರೂ ಸೇದಲ್ಲ. ನಮ್ದು ಬ್ಯಾರನ್ ಇದೆ. ಸೇದೋರು ಇರೋದ್ರಿಂದ್ಲೇ ನಮ್ಮಕ್ಕ ನರ್ಸಿಂಗ್ ಓದ್ತಿದ್ದಾಳೆ. ಅವರನ್ನ ಬೈಬೇಕಾ ಬೇಡ್ವಾ ಗೊತ್ತಿಲ್ಲ ಮಿಸ್."

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಆ ಕಡೆ ರಾಮನಾಥಪುರದ ತನಕ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಬೀಡಿಯದ್ದು ಬೇರೆ, ಅದಕ್ಕೆ ನಿಪ್ಪಾಣಿ ಕಡೆ ಹೆಸರು. ತಂಬಾಕು ಮಂಡಳಿಯ ಹರಾಜು ಶುರುವಾದರೆ ಇಲ್ಲಿನ ಮನೆಗಳಲ್ಲಿ ವರ್ಷದ ಸಾಲ ತೀರುತ್ತದೆ, ಮದುವೆ ನಿಶ್ಚಯವಾಗುತ್ತದೆ, ಕಾಲೇಜಿನ ಫೀಸು ಕಟ್ಟುತ್ತಾರೆ. ಸೊಪ್ಪಿಗೆ ರೇಟು ಸಿಗದಿದ್ದರೆ ಮನೆಯೇ ಮಂಕಾಗುತ್ತದೆ. ಆ ಮಗುವಿನ ಪ್ರಶ್ನೆಗೆ ನನ್ನ ಹತ್ತಿರ ಅವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಬೈಯುವುದು ಬೇಡ ಅನ್ನುವುದು ಮಾತ್ರ ಗೊತ್ತು. ಸೇದುವವರನ್ನೂ ಬೇಡ, ಬೆಳೆಯುವ ಅಪ್ಪನನ್ನೂ ಬೇಡ.

ಒಂದು ವಾರ ಯೋಚನೆ ಮಾಡಿ, ವಿಜ್ಞಾನದ ಮೇಷ್ಟ್ರ ಜೊತೆ ಕೂತು ಮಾತಾಡಿ, ಮತ್ತೆ ಅದೇ ಕ್ಲಾಸಿಗೆ ಹೋದೆ. ಈ ಸಲ ಚಿತ್ರ ಏನೂ ತಗೊಂಡು ಹೋಗಲಿಲ್ಲ. ಒಂದು ಪ್ರಶ್ನೆ ಕೇಳಿದೆ. "ಮಳೆ ಬಂದ ಬೆಳಿಗ್ಗೆ ಒದ್ದೆ ಸೊಪ್ಪು ಮುರಿದಾಗ ಯಾರಿಗಾದ್ರೂ ತಲೆ ಸುತ್ತಿದೆಯಾ?"

ಮೊದಲು ಎರಡು ಕೈ. ಆಮೇಲೆ ಐದು. ಆಮೇಲೆ ಅರ್ಧ ಕ್ಲಾಸು. ವಾಂತಿ ಆಗಿತ್ತು ಮಿಸ್ ಅಂದಳು ಒಬ್ಬಳು. ಅವ್ವ ದೃಷ್ಟಿ ತೆಗೆದರು ಅಂದಳು ಇನ್ನೊಬ್ಬಳು.

ಅದು ನಿಕೋಟಿನ್ ಅಂದೆ. ಎಲೆ ಒದ್ದೆಯಾಗಿದ್ದರೆ ನೀರಿನ ಜೊತೆ ಚರ್ಮದ ಮೂಲಕವೇ ಮೈಯೊಳಗೆ ಹೋಗುತ್ತದೆ. ನೀವು ಸೇದಲಿಲ್ಲ, ಬಾಯಿಗೆ ಹಾಕಲಿಲ್ಲ, ಬರೀ ಮುಟ್ಟಿದಿರಿ. ಅಷ್ಟಕ್ಕೇ ತಲೆ ಸುತ್ತಿತು. ಇನ್ನು ಸೇದಿದವರ ಮೆದುಳಿಗೆ ಅದು ಕೆಲವೇ ಸೆಕೆಂಡಿನಲ್ಲಿ ತಲುಪುತ್ತದೆ. ದಿನವೂ ತಲುಪಿ ತಲುಪಿ ಮೆದುಳು ಅದನ್ನೇ ಕೇಳಲು ಶುರುಮಾಡುತ್ತದೆ. ಸಿಗದಿದ್ದರೆ ಚಡಪಡಿಕೆ, ಸಿಡಿಮಿಡಿ ಆಗುತ್ತದೆ, ನಿದ್ದೆ ಬರುವುದಿಲ್ಲ. ಬಿಟ್ಟ ಮೊದಲ ಮೂರು ದಿನ ಎಲ್ಲಕ್ಕಿಂತ ಕಷ್ಟ. ನಿಮ್ಮ ಅಪ್ಪ ಯಾವತ್ತಾದರೂ ಬಿಡುತ್ತೀನಿ ಅಂತ ಹೇಳಿ, ಎರಡು ದಿನ ಎಲ್ಲರ ಮೇಲೂ ರೇಗಾಡಿ, ಮೂರನೇ ದಿನ ಮತ್ತೆ ಸೇದಿದ್ದರೆ, ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆ ಮೂರು ದಿನ ದಾಟಿಸಲು ಅವರ ಜೊತೆ ಯಾರೂ ಇರಲಿಲ್ಲ ಅಂತ.

ಕ್ಲಾಸು ನಿಶ್ಶಬ್ದವಾಗಿತ್ತು. ಮೂರನೇ ಸಾಲಿನ ಆ ಹುಡುಗ ನನ್ನನ್ನೇ ನೋಡುತ್ತಿದ್ದ.

ನಿಮ್ಮಲ್ಲಿ ಯಾರೂ ಶುರುಮಾಡಬೇಡಿ ಅಂತಲೂ ಹೇಳಿದೆ. ಬೆಳೆಯುತ್ತಿರುವ ಮೆದುಳನ್ನು ಅದು ಬೇಗ ಹಿಡಿಯುತ್ತದೆ, ದಿನವೂ ಸೇದುವ ಹಂತಕ್ಕೆ ಬರುವ ಮೊದಲೇ ಹಿಡಿದುಬಿಡಬಹುದು. ಮುಂದೆ ನಿಮಗೆ ತುಂಬ ಒಳ್ಳೆಯ ಜನ ಸಿಗುತ್ತಾರೆ, ಅವರಲ್ಲಿ ಕೆಲವರು ಸೇದುತ್ತಾರೆ. ಅವರ ಜೊತೆ ಮಾತಾಡಿ, ಊಟ ಮಾಡಿ, ಅವರ ಕಷ್ಟಕ್ಕೆ ಆಗಿ. ಆದರೆ ಅವರು ಕೊಟ್ಟ ಸಿಗರೇಟು ಮಾತ್ರ ಬೇಡ ಅನ್ನಿ. ಅವರು ನಿಮ್ಮನ್ನು ಬಿಟ್ಟುಹೋಗಲ್ಲ ಅಂದೆ. ಹುಣಸೂರಿನ ಹುಡುಗನಿಗೆ ಹೇಳದೇ ಉಳಿದ ಮಾತು ಅದು.

ಕೊನೆಗೆ ಬೋರ್ಡಿನ ಮೇಲೆ ಒಂದು ನಂಬರ್ ಬರೆದೆ. 1800-11-2356. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ. ಸಿಗರೇಟು ಪ್ಯಾಕಿನ ಮೇಲೂ ಇದೇ ನಂಬರ್ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬೈಯುವುದಿಲ್ಲ, ಹೇಗೆ ಬಿಡುವುದು ಅಂತ ಹೇಳುತ್ತಾರೆ.

ಬೆಲ್ ಹೊಡೆಯಿತು. ಎಲ್ಲರೂ ಊಟಕ್ಕೆ ಓಡಿದರು. ಆ ಹುಡುಗ ಮಾತ್ರ ಬೋರ್ಡಿನ ಹತ್ತಿರ ಬಂದ. ಪೆನ್ನು ತೆಗೆದು ಎಡ ಅಂಗೈ ಮೇಲೆ ಬರೆಯಲು ನೋಡಿದ. ಸೊಪ್ಪಿನ ಅಂಟಿನ ಮೇಲೆ ಇಂಕು ಹತ್ತಲಿಲ್ಲ. ಎರಡು ಸಲ ಗೀಚಿದ. ಆಮೇಲೆ ಅಂಗಿ ತೋಳು ಮೇಲೆ ಸರಿಸಿ, ಅಂಟಿಲ್ಲದ ಜಾಗ ಹುಡುಕಿ, ಮೊಣಕೈ ಹತ್ತಿರ ಒಂದೊಂದೇ ಅಂಕೆ ಬರೆದುಕೊಂಡ. "ಕೊನೇದು ಆರಾ ಮಿಸ್?" ಅಂತ ಕೇಳಿದ. ಆರು ಅಂದೆ. ತೋಳು ಕೆಳಗಿಳಿಸಿಕೊಂಡು ಊಟಕ್ಕೆ ಹೋದ.